ಯಾರೂ ತುಳಿಯದ ಜಾಗ

ಹಕ್ಕಿ ಹಿಮದೊಳಗೆ ಮುಳುಗಿತು ಎಂದು ಮೊಮ್ಮಗಳು ತನ್ಮಯಿ ಓಡಿಬಂದು ಹೇಳಿದಾಗ ಗಂಗವ್ವ ನಂಬಲಿಲ್ಲ.

“ನೀರಾಗ ಮುಳುಗೋ ಹಕ್ಕಿ ನಾ ಕಂಡೀನಿ. ಹಿಮದಾಗ ಹೆಂಗ ಮುಳುಗತೈತಿ? ಹಾರಿ ಹೋಗಿರತೈತಿ, ನೀ ಕಣ್ಣ ಪಿಳುಕಿಸಿರತಿ.”

“ನೋ ಅಜ್ಜಿ, ಇಟ್ ವೆಂಟ್ ಇನ್. ಲೈಕ್ ಅ ಸ್ಪೂನ್.”

ಗಟ್ಟಿ ಮೊಸರಿನಲ್ಲಿ ಚಮಚ ಇಳಿದ ಹಾಗೆ ಎಂದು ಹುಡುಗಿಯ ಮಾತಿನ ಅರ್ಥ. ಮರುದಿನ ಸಂಜೆ ಗಂಗವ್ವ ತಾನೇ ಹಿಂಬದಿಯ ಗಾಜಿನ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಕಡಲಾಚೆಯ ಊರು ನಾರ್ತ್‌ವಿಲ್‌ನ ಆ ಬಡಾವಣೆಯಲ್ಲಿ ಅವಳ ಮಗಳು ಚೇತನಾಳದು ಕೊನೆಯ ಸಾಲಿನ ಮನೆ. ಬಾಗಿಲಾಚೆಯ ಮರದ ಜಗಲಿ, ಡೆಕ್ಕಿನ ಹಲಗೆಗಳು ಮುಗಿದಲ್ಲಿ ಒಂದು ದೊಡ್ಡ ಸ್ಪ್ರೂಸ್ ಮರ, ಅದರಾಚೆ ಬಯಲು ಹಿತ್ತಲು, ಹಿತ್ತಲಿನ ಅಂಚಿಗೆ ಬಿಳಿ ತೊಗಟೆಯ ಬರ್ಚ್ ಮರಗಳು, ಅಲ್ಲಿಂದ ಮುಂದೆ ಯಾರದೋ ಕಾಡು. ಜನವರಿಯ ಹಿಮ ಮೊಣಕಾಲುಮಟ್ಟ ಬಿದ್ದಿತ್ತು. ಗಾಳಿ ಇರಲಿಲ್ಲವಾದ್ದರಿಂದ ಅರಳೆ ಹಿಂಜಿ ಹಾಸಿದ ಹಾಗೆ ಹಗುರವಾಗಿತ್ತು.

ಬೆಳಕು ಕಂದುವ ಹೊತ್ತಿಗೆ ಹಕ್ಕಿ ಬಂತು. ಕೋಳಿಗಿಂತ ಒಂದಿಷ್ಟು ಸಣ್ಣದು. ಒಣ ಎಲೆಯ ಬಣ್ಣ, ಮೈತುಂಬ ಬೂದು ಚುಕ್ಕೆ, ತಲೆಯ ಮೇಲೆ ಸಿಟ್ಟಾದಾಗ ಏಳುವಂಥ ಜುಟ್ಟು. ಬರ್ಚ್ ಕೊಂಬೆಯ ಮೇಲೆ ಕೂತು ಮೊಗ್ಗುಗಳನ್ನು ಅವಸರದಿಂದ ಕಿತ್ತು ತಿಂದಿತು. ಆಮೇಲೆ ರೆಕ್ಕೆ ಮುಚ್ಚಿಕೊಂಡು ಕೊಂಬೆಯಿಂದ ನೇರ ಹಿಮಕ್ಕೆ ಬಿತ್ತು. ಬಿದ್ದದ್ದು ಏಳಲಿಲ್ಲ. ಮೇಲೊಂದು ಸಣ್ಣ ಕುಳಿ ಮಾತ್ರ ಉಳಿಯಿತು.

“ಶಿವಾ,” ಎಂದಳು ಗಂಗವ್ವ. “ಗೌಜಲಹಕ್ಕಿ! ನಮ್ಮ ಕಡೇದs. ಮೈ ಬೆಳಸೈತಿ, ಅಷ್ಟ.”

ಗೌಜಲು ಅಲ್ಲ, ಅದರ ದೂರದ ಬಳಗ ಎಂದು ಅಳಿಯ ವಿವೇಕ ಫೋನಿನಲ್ಲಿ ಹುಡುಕಿ ಹೇಳಿದ. ಪ್ಲಿಮತ್‌ನಲ್ಲಿ ಕಾರಿನ ಬ್ರೇಕು ಮಾಡುವ ಕಂಪನಿಯ ಇಂಜಿನಿಯರು ಅವನು, ಯಾವುದನ್ನೂ ಹುಡುಕದೆ ಬಿಡುವವನಲ್ಲ. “ಇದಕ್ಕ ಗ್ರೌಸ್ ಅಂತಾರ, ಅತ್ತಿ. ಮ್ಯಾಲ ಉತ್ತರದ ಕಾಡಿನ ಹಕ್ಕಿ. ಈ ಕಡೆ ಕಾಣೋದs ಅಪರೂಪ, ದಾರಿ ತಪ್ಪಿ ಬಂದಿರಬೇಕು. ಹಿಮದೊಳಗ ಗೂಡು ಮಾಡಿ ಮಲಗತೈತಿ. ಹೊರಗ ಝೀರೋ ಇದ್ರೂ ಒಳಗ ಬೆಚ್ಚಗಿರತೈತಂತ. ಚಳಿಗಾಲಕ್ಕ ಕಾಲ್ಬೆರಳಿಗೆ ಬಾಚಣಿಕಿ ಹಲ್ಲಿನಂಗ ಏನೋ ಬೆಳೀತಾವ, ಹಿಮದ ಮ್ಯಾಲ ಕಾಲು ಹುಗಿಬಾರದು ಅಂತ. ವಸಂತ ಬಂದ್ರ ಉದರತಾವ.”

“ಶಿವ ಹೊಲಿದು ಕೊಟ್ಟ ಚಪ್ಪಲಿ ಅವು,” ಎಂದಳು ಗಂಗವ್ವ. ಅವಳಿಗೆ ಅದಕ್ಕಿಂತ ಹೆಚ್ಚಿನ ವಿವರ ಬೇಕಿರಲಿಲ್ಲ.

ಮೊಮ್ಮಗಳಿಗೆ ಅವಳು ಹಗೇವಿನ ಕಥೆ ಹೇಳಿದಳು. ಬಾಗಲಕೋಟೆಯ ಕಡೆಯ ಅವಳ ತವರಿನಲ್ಲಿ ಮನೆಯ ಮುಂದೆ ನೆಲ ಅಗೆದು, ಆಳದ ಕೊಪ್ಪರಿಗೆಯಂಥ ಕುಳಿ ಮಾಡಿ, ಅದರಲ್ಲಿ ಜೋಳ ತುಂಬಿಡುತ್ತಿದ್ದರು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮಳೆಯಿಲ್ಲ, ಚಳಿಯಿಲ್ಲ, ವರ್ಷಗಟ್ಟಲೆ ಕಾಳು ಬೆಚ್ಚಗೆ ಮಲಗಿರುತ್ತಿತ್ತು. “ಆದರ ಬಾಯಿ ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ ನೋಡು. ಮೊದಲು ದೀಪ ಇಳಿಬಿಡೋದು. ದೀಪ ಆರಿದರ ಒಳಗ ಉಸಿರಿಲ್ಲ ಅಂತ ತಿಳಿಯೋದು. ಬೆಚ್ಚಗಿದ್ದರ ಸಾಲದು, ಬಾಯಿ ತೆರದಿರಬೇಕು.”

“ಸೋ ದ ಬರ್ಡ್ ನೀಡ್ಸ್ ಅ ಡೋರ್.”

“ಹೌದs ನನ್ನವ್ವ. ಅದರ ಬಾಗಲಾ ಮೆತ್ತನ್ನ ಹಿಮ. ದಬ್ಬಿದರ ಸಾಕು, ತೆರೀತೈತಿ.”

ಅಂದಿನಿಂದ ಗಂಗವ್ವ ಹಿತ್ತಲಿಗೆ ಯಾರೂ ಇಳಿಯಬಾರದೆಂದು ಹೇಳಿಬಿಟ್ಟಳು. ತುಳಿದ ಹಿಮ ಗಟ್ಟಿಯಾಗುತ್ತದೆ, ಗಟ್ಟಿಯಾದ ಹಿಮಕ್ಕೆ ಹಕ್ಕಿ ಬೀಳಲಾರದು. ತನ್ಮಯಿಯ ಹಿಮದ ಗೊಂಬೆ ಮುಂದಿನ ಅಂಗಳಕ್ಕೆ ಬಂತು. “ಅತ್ತಿ ಹಿತ್ತಲಕ್ಕ ಸೆಕ್ಷನ್ ನೂರಾ ನಲವತ್ನಾಕು ಹಾಕ್ಯಾರ,” ಎಂದು ವಿವೇಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ನಕ್ಕರೂ ಇಳಿಯಲಿಲ್ಲ. ಸಂಜೆಯಾಯಿತೆಂದರೆ ಅಜ್ಜಿ ಮೊಮ್ಮಗಳು ಗಾಜಿನ ಬಾಗಿಲಿಗೆ ಬಂದು ಕೂರುವರು. ಹಕ್ಕಿ ಬೀಳುವುದು. “ಮಲಗಿತು,” ಎಂದು ಗಂಗವ್ವ ಏಳುವಳು, ದೇವರ ಮುಂದೆ ದೀಪ ಹಚ್ಚುವಳು. ಆ ಚಳಿಗಾಲದಲ್ಲಿ ಅವಳ ಮನಸ್ಸಿನಲ್ಲಿದ್ದ ಆಸೆ ಒಂದೇ. ದಾರಿ ತಪ್ಪಿ ಬಂದ ಜೀವ ವಸಂತದವರೆಗೆ ಈ ಹಿತ್ತಲಿನಲ್ಲಿ ಸುಖವಾಗಿ ಮಲಗೆದ್ದು ಹೋಗಲಿ. ಪೂಜೆಯಲ್ಲಿ ಅದನ್ನೂ ಸೇರಿಸಿ ಬೇಡುತ್ತಿದ್ದಳು.

ಶಿವರಾತ್ರಿ ಬಂತು. ಈ ಸಲ ಸಾಮೂಹಿಕ ಅಭಿಷೇಕ ಚೇತನಾಳ ಮನೆಯಲ್ಲಿ. ನೇಪರ್‌ವಿಲ್‌ನಿಂದ ಶರಣಪ್ಪನವರು ಅದನ್ನು ನಡೆಸಿಕೊಡಲು ಬೆಳಿಗ್ಗೆಯೇ ಕಾರು ಹೊಡೆದುಕೊಂಡು ಬಂದರು. ನಿವೃತ್ತ ಇಂಜಿನಿಯರು, ಎಪ್ಪತ್ತು ದಾಟಿದವರು, ಮಂತ್ರ ಕಂಠಪಾಠ, ತಮ್ಮ ಶಿವಲಿಂಗವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಮುಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿಕೊಂಡು ಬರುವವರು.

ಗಂಗವ್ವನದು ಆ ದಿನ ಮೌನ. ಶಿವರಾತ್ರಿಯ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಉಪವಾಸ ಮತ್ತು ಮೌನ. ತಾಯಿ ಹಿಡಿದಿದ್ದಳು, ಇವಳೂ ಮದುವೆಗೆ ಮೊದಲಿನಿಂದ ಹಿಡಿದಿದ್ದಳು, ಒಂದು ವರ್ಷವೂ ಮುರಿದಿರಲಿಲ್ಲ. ಹೆರಿಗೆಯ ನೋವಿನಲ್ಲೂ ಮುರಿಯಲಿಲ್ಲ ಎಂದು ಚೇತನಾ ಹೆಮ್ಮೆಯಿಂದ ಹೇಳುತ್ತಿದ್ದಳು, ಏಕೆಂದರೆ ಹುಟ್ಟಿದವಳು ಅವಳೇ.

ಮಧ್ಯಾಹ್ನ ಕಳೆಯುತ್ತಲೇ ಕಾರುಗಳು ಬಂದವು. ಮನೆಯ ತುಂಬ ಜನ, ಬಾಗಿಲ ಬಳಿ ಬೂಟುಗಳ ರಾಶಿ. ಮಕ್ಕಳೆಲ್ಲ ಬೇಸ್‌ಮೆಂಟಿಗೆ ಇಳಿದವು. ತಣ್ಣೀರು ಕೈ ಕೊರೆಯುತ್ತದೆಂದು ಅಭಿಷೇಕಕ್ಕೆ ಉಗುರುಬೆಚ್ಚಗಿನ ನೀರು. ಒಬ್ಬೊಬ್ಬರೇ ಬಂದು ಲಿಂಗದ ಮೇಲೆ ನೀರು, ಹಾಲು, ಜೇನು ಎರೆದರು. ಎರೆದದ್ದು ಹರಿವಾಣದಿಂದ ಕೆಳಗಿನ ಬಕೆಟ್ಟಿಗೆ. ಒಂದು ತುಂಬಿತು, ಇನ್ನೊಂದು ಇಟ್ಟರು.

ಗಂಗವ್ವ ಎರೆದು ಬಂದು ಗಾಜಿನ ಬಾಗಿಲ ಹತ್ತಿರದ ತನ್ನ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತಳು. ಕೂರುವ ಮೊದಲು ಒಮ್ಮೆ ಹೊರಗೆ ನೋಡಿದಳು. ಹಕ್ಕಿ ಎಂದಿಗಿಂತ ಬೇಗ ಬಂದಿತ್ತು. ಬೀದಿಯ ತುಂಬ ಕಾರಿನ ಸದ್ದು, ಜನರ ಗಲಾಟೆ, ಅದಕ್ಕೋ ಏನೋ ಎಂದಿನ ಬರ್ಚ್ ಮರ ಬಿಟ್ಟು ಸ್ಪ್ರೂಸ್‌ನ ಕೆಳಗೊಂಬೆಯ ಮೇಲೆ, ಡೆಕ್ಕಿಗೆ ತೀರ ಹತ್ತಿರ ಕೂತಿತ್ತು. ಅವಳು ನೋಡುತ್ತಿದ್ದಂತೆಯೇ ರೆಕ್ಕೆ ಮುಚ್ಚಿ ಹಿಮಕ್ಕೆ ಬಿತ್ತು. ಮನೆಯಲ್ಲಿ ಅಷ್ಟು ಜನರಿದ್ದರೂ ನೋಡಿದವಳು ಅವಳೊಬ್ಬಳೇ. ಇಂದು ಶಿವನ ದಿನ, ಇಷ್ಟು ಹತ್ತಿರ ಬಂದು ಮಲಗಿದೆ ಎಂದು ಹಿಗ್ಗಿದಳು. ತನ್ಮಯಿಗೆ ನಾಳೆ ಹೇಳಬೇಕೆಂದುಕೊಂಡು ಕಣ್ಣು ಮುಚ್ಚಿದಳು.

ಮಂಗಳಾರತಿಯಾಯಿತು. ಆಮೇಲೆ ಎದ್ದದ್ದು ನೀರಿನ ಪ್ರಶ್ನೆ.

“ಅಂಕಲ್, ಈ ಎರಡು ಬಕೆಟ್ ಎಲ್ಲಿ ಹಾಕೋಣ?” ಎಂದು ಕೇಳಿದಳು ಲಾವಣ್ಯ. ಕ್ಯಾಂಟನ್‌ನಲ್ಲಿರುವ ಮೈಸೂರಿನ ಹುಡುಗಿ, ಚೇತನಾಳ ಗೆಳತಿ. “ನಾವು ಅಪಾರ್ಟ್‌ಮೆಂಟಲ್ಲಿ ಕರಿಬೇವಿನ ಕುಂಡಕ್ಕೆ ಹಾಕ್ತೀವಿ. ಇಷ್ಟು ಹಾಕಿದ್ರೆ ಗಿಡ ತೇಲಿ ಹೋಗತ್ತೆ.”

“ಸಿಂಕಿಗೆ?” ಎಂದ ಯಾರೋ.

“ಛೀ ಛೀ,” ಎಂದರು ಶರಣಪ್ಪನವರು. “ಸಿಂಕಿಗೆ ಹಾಕಿದರ ಶಿವನ್ನ ಗಟಾರಕ್ಕ ಕಳಿಸಿದಂಗ ಆತು. ಗಿಡದ ಬುಡಕ್ಕ ಹಾಕಬೇಕು. ಯಾರೂ ತುಳಿಯದ ಜಾಗ ಇರಬೇಕು.”

“ಮುಂದಿನ ಲಾನ್?”

“ಅಲ್ಲೆ ಓಣಿಯ ನಾಯಿಗೋಳದ್ದs ಅಭಿಷೇಕ ನಡದಿರತೈತಿ, ಅಂಕಲ್,” ಎಂದ ವಿವೇಕ. ಎಲ್ಲರೂ ನಕ್ಕರು. “ಹಂಗಾದರ ಹಿತ್ತಲs. ಇಡೀ ಚಳಿಗಾಲ ಯಾರೂ ಕಾಲಿಟ್ಟಿಲ್ಲ, ಅತ್ತಿ ಇಡಾಕ ಬಿಟ್ಟಿಲ್ಲ. ಹಕ್ಕಿ ಮಲಗೋದು ಆ ಕಡೆ ಬರ್ಚ್ ಹತ್ತರ. ನಾವು ಈ ಸ್ಪ್ರೂಸಿನ ಬುಡಕ್ಕ, ಡೆಕ್ಕಿನ ಮ್ಯಾಲಿಂದs ಹಾಕೋಣ. ಕೆಳಗ ಇಳಿಯೋದೂ ಬ್ಯಾಡ.”

ಗಂಗವ್ವ ಕಣ್ಣು ತೆರೆದಳು.

ಅಂಗೈಯಲ್ಲಿ ಲಿಂಗವಿತ್ತು. ಲಿಂಗ ಅಂಗೈಯಲ್ಲಿದ್ದಾಗ ಏಳುವಂತಿಲ್ಲ. ಬಾಯಲ್ಲಿ ಮೌನವಿತ್ತು. ಬಕೆಟ್ಟು ಹಿಡಿದು ಬಾಗಿಲಿಗೆ ಬಂದ ವಿವೇಕ, ಶರಣಪ್ಪನವರು ಅವಳ ಪಕ್ಕದಲ್ಲೇ ಹಾದರು. ಅವಳು “ಹೂಂ! ಹೂಂ!” ಎಂದಳು. ಬಲಗೈಯೆತ್ತಿ ಸ್ಪ್ರೂಸಿನ ಬುಡದ ಕಡೆ ತೋರಿಸಿದಳು, ಆಮೇಲೆ ಬೇಡ ಬೇಡ ಎಂದು ಜೋರಾಗಿ ಕೈಯಾಡಿಸಿದಳು.

“ನೋಡ್ರಿ, ಗಂಗವ್ವಾರೂ ಅಲ್ಲೇ ಅಂತ ಕೈ ಮಾಡ್ಯಾರ,” ಎಂದರು ಶರಣಪ್ಪನವರು ಸಂತೋಷದಿಂದ. “ಹೊತ್ತು ಮಾಡಬ್ಯಾಡ್ರಿ ಅಂತ ಅವಸರ ಮಾಡಾಕತ್ತಾರ. ಆತ್ರೀ ಅವ್ವಾರ, ಆತು, ಆತು.”

ಗಾಜಿನ ಬಾಗಿಲು ಸರಿಯಿತು. ಚಳಿ ಒಳಗೆ ನುಗ್ಗಿತು.

ಮಾತು ಆಡಬೇಕೋ ಬೇಡವೋ ಎಂದು ಅವಳು ಯೋಚಿಸಿದ್ದು ಹೆಚ್ಚು ಹೊತ್ತೇನಲ್ಲ. ಹೊಸ್ತಿಲು ದಾಟುವಷ್ಟು ಹೊತ್ತು. ಇಷ್ಟು ವರ್ಷ ಮುಚ್ಚಿದ ಬಾಯಿಗೆ ತೆರೆಯುವುದು ತಿಳಿಯಲಿಲ್ಲ ಅಷ್ಟೇ.

“ಹಕ್ಕಿ!”

ದನಿ ಒಡೆದು ಬಂತು, ಯಾರದೋ ದನಿಯ ಹಾಗೆ. ಆಗ ಮೊದಲ ಬಕೆಟ್ಟಿನ ನೀರು ಗಾಳಿಯಲ್ಲಿತ್ತು. ಎರಡನೆಯದು ಅದರ ಬೆನ್ನಿಗೇ ಹೋಯಿತು. ಹಾಲು ಬೆರೆತ ಬೆಚ್ಚಗಿನ ನೀರು ಅಗಲವಾಗಿ ಹರಡಿ ಹಿಮದ ಮೇಲೆ ಬಿದ್ದು, ಮರದ ಬುಡದಿಂದ ಹಬೆ ಎದ್ದಿತು. ನೋಡುವುದಕ್ಕೆ ಧೂಪದ ಹಾಗೆಯೇ ಇತ್ತು.

“ಅಯ್ಯೋ ಆಂಟಿ, ನಿಮ್ಮ ಮೌನ!” ಎಂದು ಲಾವಣ್ಯ ಬಾಯಿಗೆ ಕೈ ಇಟ್ಟುಕೊಂಡಳು.

“ಮೌನದ ಮನಿ ಹಾಳಾಗ್ಲಿ! ಹಕ್ಕಿ ಅಲ್ಲೆ ಮಲಗೇತಿ, ಗಿಡದ ಕೆಳಗ. ನಾ ಈಗ ನೋಡೀನಿ. ಬಾಯಿ ಮುಚ್ಚಿಬಿಟ್ಟಿರಿ ಅದರದು!”

ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗೆ. ಒದ್ದೆಯಾದ ಹಿಮ ಅವರ ಕಣ್ಣೆದುರಿಗೇ ಹೊಳಪು ಹಿಡಿಯುತ್ತಿತ್ತು. ವಿವೇಕ ಸಾಕ್ಸಿನಲ್ಲೇ ಕೆಳಗೆ ಹಾರಲು ಹೊರಟ. ಚೇತನಾ ಅವನ ಅಂಗಿ ಹಿಡಿದೆಳೆದಳು.

“ತುಳಿದೀ ಅದನ್ನ! ಎಲ್ಲೈತಿ ಅಂತ ಗೊತ್ತೇನು ನಿನಗ?”

ಗೊತ್ತಿರಲಿಲ್ಲ. ಗಂಗವ್ವನಿಗೂ ಗಾಜಿನ ಹಿಂದಿನಿಂದ ನೋಡಿದ ಅಂದಾಜು ಮಾತ್ರ. ಕುಳಿಯ ಗುರುತನ್ನು ನೀರು ಅಳಿಸಿಬಿಟ್ಟಿತ್ತು. ಚೇತನಾ ಆಸ್ಪತ್ರೆಯಲ್ಲಿ ಡಾಕ್ಟರು, ಎಂಥ ಹೊತ್ತಿನಲ್ಲೂ ಏನು ಮಾಡಬೇಕೆಂದು ಗೊತ್ತಿರುವವಳು. ಈಗ ಅವಳು ಕಾಡುಪ್ರಾಣಿಗಳ ಸಹಾಯವಾಣಿಗೆ ಫೋನು ಹಚ್ಚಿ, ಅಲ್ಲಿನ ಹೆಂಗಸು ಹೇಳುವುದನ್ನು ಕೇಳಿ ಮತ್ತೆ ಮತ್ತೆ ಪ್ರಶ್ನೆ ಹಾಕುತ್ತಿದ್ದಳು.

“ಏನಂತ?” ಎಂದ ವಿವೇಕ.

“ಪದರ ಗಟ್ಟಿಯಾದರ ಒಡದು ಬರಾಕ ಆಗಂಗಿಲ್ಲಂತ, ತೆಗೀರಿ ಅಂತಾರ. ಆದರ ಮೈ ತೊಯ್ದಿದ್ದರ ಹಾರಾಕ ಬಿಡಬ್ಯಾಡ್ರಿ ಅಂತಾರ. ತೊಯ್ದ ಪುಕ್ಕದಾಗ ಈ ಚಳಿ ತಡಕೊಳ್ಳಂಗಿಲ್ಲಂತ. ಹಿಡದು, ಡಬ್ಬಿಯೊಳಗ ಇಟ್ಟು, ಬೆಚ್ಚಗ ಮಾಡ್ರಿ ಅಂತ.”

“ಹಿಡಿಯೋದು ಹೆಂಗ?”

“ಅದನ್ನ ಕೇಳೀನಿ. ಭಾಳ ಕಷ್ಟ ಅಂದ್ಲು.”

ಶರಣಪ್ಪನವರು ರೇಷ್ಮೆ ಮಡಿಯಲ್ಲೇ ಡೆಕ್ಕಿನ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಕೈ ಚಾಚಿ, ಮಂಜುಗಡ್ಡೆಯಾಗುತ್ತಿದ್ದ ಪದರವನ್ನು ಬೆರಳಿನಿಂದ ಮುರಿಯತೊಡಗಿದರು. ಪಕ್ಕದಲ್ಲಿ ವಿವೇಕ ಮಲಗಿದ. ಪದರ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದರೊಳಗೆ ಬಿಲ್ವದ ಎಲೆ, ಸೇವಂತಿಗೆಯ ಎಸಳು, ವಿಭೂತಿಯ ಬೂದು ಗೆರೆ. “ನಾನs ಅಂದ್ನಿ, ಯಾರೂ ತುಳಿಯದ ಜಾಗ ಅಂತ. ನಾನs ಅಂದ್ನಿ,” ಎಂದು ಮುದುಕ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಲಾವಣ್ಯ ಒಂದು ಟವೆಲ್ಲು ಹಿಡಿದು ನಿಂತಳು. ಹಕ್ಕಿ ಕಂಡ ಕೂಡಲೇ ಮೇಲೆ ಹಾಕಬೇಕೆಂದು ಮಾತಾಯಿತು.

ಕಾಣಲಿಲ್ಲ, ಸಿಡಿಯಿತು. ಶರಣಪ್ಪನವರ ಕೈಯಿಂದ ಒಂದು ಮೊಳ ಆಚೆ ಹಿಮ ಒಡೆದು, ಪಟಾಕಿಯ ಸದ್ದಿನೊಂದಿಗೆ ಹಕ್ಕಿ ಮೇಲೆದ್ದಿತು. ಟವೆಲ್ಲು ಖಾಲಿ ಹಿಮದ ಮೇಲೆ ಬಿತ್ತು. ಹಕ್ಕಿಯ ಒಂದು ಮಗ್ಗುಲು ಪೂರ್ತಿ ತೊಯ್ದು ಮೈಗಂಟಿತ್ತು, ಬಾಲ ಜೋತಿತ್ತು. ಎತ್ತರಕ್ಕೆ ಏರಲಾರದೆ ಅರ್ಧ ಹಿತ್ತಲಲ್ಲೇ ಕೆಳಗೆ ಬಿತ್ತು. ಎದ್ದು ಓಡಿತು. ಆ ಬಾಚಣಿಕೆ ಕಾಲುಗಳಿಂದ ಹುಗಿಯದೆ, ಜಾರದೆ, ಶಿವ ಹೇಗೆ ಓಡಲಿ ಎಂದು ಮಾಡಿದ್ದನೋ ಹಾಗೆಯೇ ಚೆನ್ನಾಗಿ ಓಡಿತು. ಬರ್ಚ್ ಮರಗಳ ಹತ್ತಿರ ಮತ್ತೊಮ್ಮೆ ಎದ್ದು, ಕಾಡಿನ ಕಪ್ಪಿನಲ್ಲಿ ಸೇರಿಹೋಯಿತು.

ವಿವೇಕ ಬೂಟು ಹಾಕಿ ಹೆಜ್ಜೆಯ ಜಾಡು ಹಿಡಿದು ಹೋದ. ಇಡೀ ಚಳಿಗಾಲ ಯಾರೂ ಇಳಿಯದ ಹಿತ್ತಲಿನಲ್ಲಿ ಅವನ ಕಾಲು ದೊಡ್ಡ ದೊಡ್ಡ ಹಳ್ಳ ಮಾಡುತ್ತ ಹೋಯಿತು. ಕತ್ತಲಾಗುವ ಮೊದಲೇ ತಿರುಗಿ ಬಂದ. ಕಾಡಿನಂಚಿಗೆ ಜಾಡು ಮುಗಿದಿದೆ, ಎರಡೂ ಕಡೆ ರೆಕ್ಕೆ ಬಡಿದ ಗುರುತಿದೆ, ಆಮೇಲೆ ಏನೂ ಇಲ್ಲ ಎಂದ.

“ಹಾರಿ ಹೋತಲ್ಲ, ಅವ್ವಾ,” ಎಂದಳು ಚೇತನಾ. “ಹಾರುವಷ್ಟು ಶಕ್ತಿ ಇತ್ತು ಅಂದಂಗಾತು.”

ಗಂಗವ್ವ ಮಗಳ ಮುಖ ನೋಡಿದಳು. ಮಗಳು ಆಸ್ಪತ್ರೆಯಲ್ಲಿ ಅದೇ ದನಿಯಲ್ಲಿ ಯಾರ ಯಾರ ಮನೆಯವರಿಗೆ ಏನೇನು ಹೇಳಿರಬಹುದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಸೂರ್ಯ ಹುಟ್ಟಿದ. ಮೌನವಿರಲಿಲ್ಲವಾದ್ದರಿಂದ ಮೌನ ಬಿಡುವ ಶಾಸ್ತ್ರವೂ ಇರಲಿಲ್ಲ. ಶರಣಪ್ಪನವರು ಲಿಂಗವನ್ನು ಸೀಟಿಗೆ ಕೂರಿಸಿ, ಬೆರಳಿಗೆ ಪಟ್ಟಿ ಸುತ್ತಿಕೊಂಡು, ಹೋಗಿಬರುತ್ತೇನೆಂದು ಕೈಮುಗಿದರು. ಅವಳೂ ಮುಗಿದಳು. ಪಾರಣೆಗೆಂದು ಮಾಡಿದ ಹುಗ್ಗಿಯ ತಟ್ಟೆ ಅವಳ ಮುಂದೆ ಆರಿ ಕೂತಿತು.

ತನ್ಮಯಿ ಬಂದು ಅಜ್ಜಿಯ ತೊಡೆಗೆ ಒರಗಿ ಕೂತಳು. ರಾತ್ರಿ ಅಳುತ್ತ ಮಲಗಿದ ಹುಡುಗಿಯ ಕಣ್ಣು ಊದಿತ್ತು.

“ಅಜ್ಜಿ, ದಟ್ ಹಂಟರ್ ಸ್ಟೋರಿ. ಹಿ ಡಿಡಂಟ್ ನೋ, ರೈಟ್?”

ಶಿವರಾತ್ರಿಯ ಬೇಡನ ಕಥೆ ಅದು. ಮೊನ್ನೆಯಷ್ಟೇ ಗಂಗವ್ವ ಅಭಿನಯ ಮಾಡಿ ಹೇಳಿದ್ದಳು. ಮರ ಹತ್ತಿ ಕೂತ ಬೇಡ ನಿದ್ದೆ ಬಾರದಿರಲೆಂದು ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದ, ಅವನ ಸೋರೆಬುರುಡೆಯ ನೀರೂ ತುಳುಕಿತು. ಕೆಳಗೆ ಲಿಂಗವಿತ್ತು. ಅವನಿಗೆ ತಿಳಿಯದು. ತಿಳಿಯದೆ ಮಾಡಿದ್ದೂ ಪೂಜೆಯೇ ಎಂದು ಶಿವ ಅವನನ್ನು ಕೈಲಾಸಕ್ಕೆ ಕರೆದುಕೊಂಡ.

“ಹೌದು. ಅವನಿಗೆ ಗೊತ್ತಿರಲಿಲ್ಲ.”

“ಅಪ್ಪಾ ಡಿಡಂಟ್ ನೋ ಐದರ್. ಸೋ ವಾಟ್ ಡು ವಿ ಗೆಟ್?”

ಹಳ್ಳಿಯ ಕಟ್ಟೆಯ ಮೇಲೆ ಕಥೆ ಕೇಳಿ ಬೆಳೆದವಳು ಗಂಗವ್ವ. ಮಕ್ಕಳು ಎಲ್ಲಿ ಕೈ ಹಾಕಿ ಕೇಳಿದರೂ ಕಥೆಯಲ್ಲಿ ಅಲ್ಲೊಂದು ಬಾಗಿಲು ತೆಗೆದುಕೊಡಬಲ್ಲವಳು. ಈಗ ತಡಕಾಡಿದಳು. ಕೆಳಗೆ ಮಲಗಿದ್ದದ್ದು ಲಿಂಗವಲ್ಲದೆ ಹಕ್ಕಿಯಾಗಿದ್ದರೆ ಬೇಡನಿಗೆ ಏನು ಸಿಗುತ್ತಿತ್ತು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅಲ್ಲದೆ ತಿಳಿಯದವರು ಅವರು. ತನಗೆ ತಿಳಿದಿತ್ತು.

“ಗೊತ್ತಿಲ್ಲ ನನ್ನವ್ವ,” ಎಂದಳು. ಮೊಮ್ಮಗಳಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಆ ಸಂಜೆ ಇಬ್ಬರೂ ಗಾಜಿನ ಬಾಗಿಲಿಗೆ ಕೂತರು. ಬರ್ಚ್ ಕೊಂಬೆಗಳು ಬರಿದಾಗಿದ್ದವು. ಸ್ಪ್ರೂಸಿನ ಬುಡದಲ್ಲಿ ಒಡೆದ ಪದರದ ಚೂರುಗಳು ತಟ್ಟೆಗಳ ಹಾಗೆ ಬಿದ್ದಿದ್ದವು. ಮರುದಿನವೂ ಕೂತರು. ನಡುವೆ ಒಮ್ಮೆ ಹೊಸ ಹಿಮ ಬಿದ್ದು ವಿವೇಕನ ಹೆಜ್ಜೆಗಳನ್ನು, ಚೂರುಗಳನ್ನು ಎಲ್ಲ ಮುಚ್ಚಿತು. ಹಿತ್ತಲು ಮೊದಲಿನ ಹಾಗೆಯೇ ನುಣ್ಣಗಾಯಿತು, ಯಾರೂ ತುಳಿಯದ ಹಾಗೆ. ಹಕ್ಕಿ ಬರಲಿಲ್ಲ. ಕಾಡಿನಲ್ಲಿ ಬೇರೆ ಜಾಗ ಹುಡುಕಿಕೊಂಡಿರಬಹುದು ಎಂದು ವಿವೇಕ ಹೇಳಿದ. ಇರಬಹುದು ಎಂದು ಚೇತನಾ ಹೇಳಿದಳು.

ಗಂಗವ್ವನ ನಿತ್ಯಪೂಜೆ ನಿಲ್ಲಲಿಲ್ಲ. ದೇವರಿಗೆ ಎರೆದ ತಂಬಿಗೆ ನೀರನ್ನು ಎಂದಿನಂತೆ ಅಡುಗೆಮನೆಯ ಕಿಟಕಿಯಲ್ಲಿನ ಕರಿಬೇವಿನ ಕುಂಡಕ್ಕೆ ಒಯ್ದಳು. ತಂಬಿಗೆ ಬಾಗಿಸಿದವಳು ಹಾಗೆಯೇ ತಡೆದಳು. ಎಡಗೈಯ ಬೆರಳುಗಳನ್ನು ಕುಂಡದ ಮಣ್ಣಿನಲ್ಲಿ ಮೆಲ್ಲಗೆ ಇಳಿಸಿ, ಅಂಚಿನ ಸುತ್ತ, ಗಿಡದ ಬುಡದ ಸುತ್ತ ತಡವಿದಳು.

“ಅಜ್ಜಿ, ವಾಟ್ ಆರ್ ಯು ಡೂಯಿಂಗ್?”

“ಯಾರರ ಮಲಗ್ಯಾರೇನೋ ನೋಡಾಕತ್ತೀನಿ.”

ಹುಡುಗಿ ನಗಲಿಲ್ಲ. ತಾನೂ ಸ್ಟೂಲು ಹತ್ತಿ ಬೆರಳು ಇಳಿಸಿ ತಡವಿದಳು. ಏನೂ ಇರಲಿಲ್ಲ, ತಣ್ಣಗಿನ ಮಣ್ಣು. ಆದರೂ ಗಂಗವ್ವನಿಗೆ ಎರೆಯಲು ಕೈ ಬರಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಿಟಕಿಯಾಚೆಯ ಬಿಳಿ ಹಿತ್ತಲನ್ನು ನೋಡುತ್ತ ನಿಂತಳು. ನೀರು ತುಳುಕದ ಹಾಗೆ ನಿಂತಳು.